ಗೋಡೆಯಾಚೆಯ ಬಾಯಿಬಡುಕಿ

ಎಂಟೂಕಾಲಿಗೆ ಆಫೀಸಿನ ಬೀಗ ತೆಗೆದಾಗ ಇವತ್ತು ತಾನು ಗೆಲ್ಲುತ್ತೇನೆ ಎಂಬುದರಲ್ಲಿ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಿಷನಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹನ್ನೊಂದಕ್ಕೆ ಮೀಟಿಂಗು. ಮುಖ್ಯ ಕಚೇರಿಯ ನಿರ್ದೇಶಕಿ, ಎಲ್ಲರೂ ಬರೀ ಮೇಡಂ ಅನ್ನುವವರು, ಮೊದಲ ಸಲ ಹೊಸ ತಂತ್ರಾಂಶದಲ್ಲಿ ಎಲ್ಲರನ್ನೂ ಪರದೆಯ ಮೇಲೆ ಸೇರಿಸುವವರಿದ್ದರು. ಮಾತುಕತೆ, ಕಡತ, ರಜೆಚೀಟಿ, ಬೈಗುಳ ಎಲ್ಲಾ ಇನ್ನು ಮುಂದೆ ಅದರೊಳಗೇ. ಆದರೆ ಆ ತಂತ್ರಾಂಶ ಮಾಡಿದವರು ಕಂಪ್ಯೂಟರು ನಡೆಸುವ ಪುಕ್ಕಟೆ ವ್ಯವಸ್ಥೆಯಾದ ಲಿನಕ್ಸ್ ಎಂದರೆ ಸಾಲ ಕೇಳಲು ಬಂದ ನೆಂಟರನ್ನು ಕಂಡ ಹಾಗೆ ಮುಖ ತಿರುಗಿಸಿಬಿಟ್ಟಿದ್ದರು, ಮತ್ತು ಈ ಆಫೀಸಿನ ಒಂಬತ್ತು ಕಂಪ್ಯೂಟರುಗಳಲ್ಲೂ ಇದ್ದದ್ದು ಲಿನಕ್ಸೇ. ಹನ್ನೆರಡು ವರ್ಷದ ಹಿಂದೆ ಹಾಕಿದವಳು ಅವಳೇ, ಅಂದಿನಿಂದ ಮೂಗು ಒರೆಸಿ ಸಾಕಿದವಳೂ ಅವಳೇ. "ನಿಮ್ಮ ಆ ಪುಕ್ಕಟೆ ಲಿನಕ್ಸಿನಲ್ಲಿ ಇದು ನಡೆಯುತ್ತೇನ್ರೀ?" ಎಂದು ಮೇಡಂ ಫೋನಿನಲ್ಲಿ ಕೇಳಿದಾಗ, "ನಡೆಯೋದೇನು ಮೇಡಂ, ಓಡುತ್ತೆ" ಎಂದಿದ್ದಳು. ಹಾಗೆ ಅಂದಾಗ ಅದು ನಡೆಯುತ್ತದೋ ಕುಂಟುತ್ತದೋ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ನಾಲ್ಕು ದಿನ ಕೂತು ಓಡಿಸಿದ್ದಳು. ಮೊದಲು ಹೂಂ ಅಂದು ಆಮೇಲೆ ಮಾಡಿ ತೋರಿಸುವುದು ಅವಳ ಪದ್ಧತಿ. "ನಿನ್ನ ಬಾಯಿ ಮುಂದೆ ಹೋಗುತ್ತೆ, ಕೈ ಹಿಂದಿನಿಂದ ಓಡಿ ಹಿಡ್ಕೊಳ್ಳುತ್ತೆ" ಎಂದು ಅಮ್ಮ ಅನ್ನುತ್ತಿದ್ದದ್ದು ಬೈಗುಳವೋ ಹೊಗಳಿಕೆಯೋ ಅವಳಿಗೆ ಈ ನಲವತ್ತಾರನೆಯ ವಯಸ್ಸಿನಲ್ಲೂ ತೀರ್ಮಾನವಾಗಿಲ್ಲ.

ಇನ್ನು ಉಳಿದಿದ್ದದ್ದು ಒಂದೇ ಕಂಪ್ಯೂಟರು, ಪಕ್ಕದ ಕೋಣೆಯದು, ಮೇಷ್ಟ್ರದು. ಈ ಆಫೀಸಿನಲ್ಲಿ ಕಣ್ಣು ಕಾಣದ ಮಕ್ಕಳಿಗೆ ಶಾಲೆಯ ಪುಸ್ತಕಗಳನ್ನು ಬ್ರೈಲಿಗೆ ಇಳಿಸಿ ಅಚ್ಚು ಹಾಕುತ್ತಾರೆ. ಅಕ್ಷರವನ್ನು ಚುಕ್ಕೆಗಳಾಗಿ ಬದಲಾಯಿಸುವುದು ಅವಳ ಮಿಷನ್ನು, ಆ ಚುಕ್ಕೆಗಳ ಮೇಲೆ ಬೆರಳು ಹಾಯಿಸಿ ತಪ್ಪು ಹಿಡಿಯುವುದು ಮೇಷ್ಟ್ರು, ಅದನ್ನು ದಪ್ಪ ಕಾಗದದ ಮೇಲೆ ಟಕಟಕ ಕುಟ್ಟುವುದು ಕೆಳಗಿನ ಪ್ರೆಸ್ಸು. ಮೇಷ್ಟ್ರಿಗೆ ಹುಟ್ಟಿದಂದಿನಿಂದ ಕಣ್ಣಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿ ಇಲ್ಲಿಗೆ ಬಂದವರಾದ್ದರಿಂದ ಹೆಸರು ಹೋಗಿ ಮೇಷ್ಟ್ರೇ ಉಳಿದುಕೊಂಡಿತ್ತು. ಅವರ ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವ ಒಂದು ಯಂತ್ರಧ್ವನಿ ಇತ್ತು. ಹೆಣ್ಣು ಧ್ವನಿ, ಮೂಗು ಕಟ್ಟಿದ ಹಾಗೆ, ಅಲ್ಪವಿರಾಮವನ್ನೂ ಬಿಡದೆ ಓದುವ ಧ್ವನಿ. ಅವರು ಅದಕ್ಕೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದರು. "ನಿಮ್ಮ ಬಾಯಿಬಡುಕಿ ಈ ಹೊಸದರ ಜೊತೆ ಮಾತಾಡ್ತಾಳಾ ನೋಡ್ಬೇಕು ಮೇಷ್ಟ್ರೇ" ಎಂದು ನಿನ್ನೆ ಹೇಳಿದಾಗ, "ಅವಳು ಯಾರ ಜೊತೆ ಮಾತಾಡಲ್ಲ ಹೇಳು" ಎಂದು ನಕ್ಕಿದ್ದರು.

ಅವರ ಕುರ್ಚಿಯಲ್ಲಿ ಕೂತು ಕಪ್ಪು ಕಿಟಕಿ ತೆರೆದಳು. ಈ ಕಪ್ಪು ಕಿಟಕಿ, ಮೌಸಿನ ಹಂಗಿಲ್ಲದೆ ಒಂದೊಂದೇ ಆಜ್ಞೆ ಬರೆದು ಕೆಲಸ ತೆಗೆಯುವ ಜಾಗ, ಅವಳಿಗೆ ತವರುಮನೆ ಇದ್ದ ಹಾಗೆ. ಯಾರೋ ಎಲ್ಲೋ ಕೂತು, ತಂತ್ರಾಂಶದವರು ಕೈಬಿಟ್ಟದ್ದನ್ನು ತಾವೇ ಲಿನಕ್ಸಿಗೆ ಒಗ್ಗಿಸಿ ಪುಕ್ಕಟೆ ಇಟ್ಟಿದ್ದ ಪ್ಯಾಕೇಜನ್ನು ಇಳಿಸಿಕೊಂಡಳು, ಅದು ಕೇಳಿದ ಎರಡು ಸಣ್ಣ ಪ್ಯಾಕೇಜುಗಳನ್ನು ಕೊಟ್ಟಳು, ಮೈಕನ್ನು ತೋರಿಸಿದಳು. ಬಾಯಿಬಡುಕಿ ಮಾತ್ರ ಹೊಸ ಕಿಟಕಿಯ ಮುಂದೆ ಗರ ಬಡಿದವಳಂತೆ ನಿಂತಳು. ಉಳಿದ ಎಂಟು ಕಂಪ್ಯೂಟರಿನವರಿಗೆ ಪರದೆ ಕಂಡರೆ ಸಾಕು, ಇಲ್ಲಿ ಪರದೆ ಬಾಯಿಬಿಡಬೇಕು. ತಂತ್ರಾಂಶವನ್ನು ತೆರೆಯುವಾಗಲೇ ಓದುವ ಧ್ವನಿಗೆ ಬಾಗಿಲು ತೆರೆದಿಡು ಎಂದು ಹೇಳುವ ಒಂದು ಮಾತು ಇರಲೇಬೇಕು, ಇಲ್ಲದಿರಲು ಸಾಧ್ಯವೇ ಇಲ್ಲ ಎಂದುಕೊಂಡು ಹುಡುಕಿದಳು. ಇತ್ತು! ಆಜ್ಞೆಯ ಬಾಲಕ್ಕೆ ಅದನ್ನು ಸೇರಿಸಿದ್ದೇ ತಡ, "ಹೊಸ ಕೋಣೆ ತೆರೆಯಿರಿ, ಗುಂಡಿ" ಎಂದು ಬಾಯಿಬಡುಕಿ ಸ್ಪೀಕರಿನಲ್ಲಿ ಕಿರುಚಿದಳು. ಮಿಷನಕ್ಕ ಖಾಲಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ತಟ್ಟಿದ ಕೈ ಅಲ್ಲೇ ನಿಂತಿತು. ಮೇಜಿನ ಅಂಚಿನಲ್ಲಿ ಒಂದು ಕಾಗದವಿತ್ತು, ಬ್ರೈಲಿನದು, ಎರಡು ವರ್ಷದಿಂದ ಅಲ್ಲೇ ಪೇಪರ್‌ವೇಟಿನ ಕೆಳಗೆ ಇರುವುದು. ಏಳನೇ ಕ್ಲಾಸಿನ ಹುಡುಗಿ ಬರೆದದ್ದು. ಮಿಷನಕ್ಕ ಅದನ್ನು ಬೆರಳಿನಿಂದ ಓದಲಾರಳು, ಕಣ್ಣಿನಿಂದ ಚುಕ್ಕೆ ಎಣಿಸಿ ಓದಬಲ್ಲಳು, ಓದಿದ್ದಳು. "ನನ್ನ ಲೆಕ್ಕದ ಉತ್ತರ ಕ್ಲಾಸಿನಲ್ಲಿ ಯಾರದಕ್ಕೂ ಸರಿಹೋಗುತ್ತಿಲ್ಲ. ನಾನು ಮೂರು ತಿಂಗಳಿಂದ ಮಾಡುತ್ತಿದ್ದೇನೆ. ನಾನು ದಡ್ಡಿಯೇ?"

ದಡ್ಡಿಯಲ್ಲ ಕಣೇ, ಪುಸ್ತಕದಲ್ಲಿ ಬಿಂದುವೇ ಇರಲಿಲ್ಲ. ಎರಡೂವರೆ ಎಂದು ಇರಬೇಕಾದಲ್ಲಿ ಇಪ್ಪತ್ತೈದು. ಇನ್ನೂರ ಹದಿನಾಲ್ಕು ಪುಟದ ಗಣಿತದ ಪುಸ್ತಕದಲ್ಲಿ ದಶಮಾಂಶದ ಬಿಂದುಗಳೆಲ್ಲ ಹಾರಿಹೋಗಿದ್ದವು, ಮತ್ತು ಪುಸ್ತಕದ ಕೊನೆಯಲ್ಲಿ "ಓದಿ ನೋಡಿದೆ, ಸರಿಯಾಗಿದೆ" ಎಂದು ಮೇಷ್ಟ್ರ ಸಹಿ ಇತ್ತು. ವಿಚಾರಣೆಗೆ ಮೇಡಂ ತಾವೇ ಬಂದಿದ್ದರು. ನಾನು ಓದಿದಾಗ ಬಿಂದು ಇತ್ತು ಎಂದು ಮೇಷ್ಟ್ರು ಹೇಳಿದರು. ಓದಿದ ಪ್ರತಿ ತೋರಿಸಿ ಎಂದರೆ, ಓದಿ ಮುಗಿದ ಪ್ರತಿಗಳು ರದ್ದಿಗೆ ಹೋಗುತ್ತಿದ್ದವು, ತೋರಿಸುವುದೇನು? ಮೇಡಂ ಅವಳ ಕಡೆ ತಿರುಗಿ, "ನಿಮ್ಮ ಮಿಷನ್ ಏನಾದರೂ ತಪ್ಪು ಮಾಡಿರಬಹುದಾ?" ಎಂದರು. "ಮಿಷನ್ ತಪ್ಪು ಮಾಡಲ್ಲ ಮೇಡಂ. ಹೇಳಿಕೊಟ್ಟಿದ್ದನ್ನೇ ಮಾಡುತ್ತೆ" ಎಂದಳು ಅವಳು, ಥಟ್ಟನೆ, ಎಲ್ಲರ ಮುಂದೆ, ಆ ಮಾತಿನ ಚೆಂದಕ್ಕೆ ತಾನೇ ಮರುಳಾಗಿ. ಆಗ ಅದು ಸುಳ್ಳಾಗಿರಲಿಲ್ಲ, ಬರೀ ಜಂಬವಾಗಿತ್ತು. ನಾಲ್ಕನೇ ದಿನ ಬೇರೆ ಏನನ್ನೋ ಹುಡುಕುತ್ತಿದ್ದಾಗ ಕಂಡಿತು: ಮೇಷ್ಟ್ರು ಸಹಿ ಹಾಕಿದ್ದು ಮಂಗಳವಾರ, ಯಾವ ಅಕ್ಷರಕ್ಕೆ ಯಾವ ಚುಕ್ಕೆ ಎಂದು ಮಿಷನ್ನಿಗೆ ಹೇಳಿಕೊಡುವ ಪಟ್ಟಿಗೆ ಅವಳು ಅಪ್ಡೇಟ್ ಹಾಕಿದ್ದು ಬುಧವಾರ, ಆ ಹೊಸ ಪಟ್ಟಿಯಂತೆ ಪುಸ್ತಕ ಮತ್ತೆ ಚುಕ್ಕೆಯಾಗಿ ಅಚ್ಚಿಗೆ ಹೋದದ್ದು ಗುರುವಾರ. ಬುಧವಾರದ ಪಟ್ಟಿಯಲ್ಲಿ ಬಿಂದುವಿನ ಸಾಲೇ ಇರಲಿಲ್ಲ. ಅವಳು ಆ ಸಾಲನ್ನು ಮತ್ತೆ ಬರೆದಳು, ಉಳಿಸಿದಳು, ಕೈತೊಳೆದು ಬಂದು ಊಟ ಮಾಡಿದಳು. ಅಷ್ಟರಲ್ಲಿ ಮೇಷ್ಟ್ರನ್ನು ಮುಖ್ಯ ಕರಡು ತಿದ್ದುವವರ ಜಾಗದಿಂದ ಇಳಿಸಿ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಎಳೆದದ್ದು ಮೇಡಂ, ಸರಿ, ಕಬ್ಬಿಣ ಕಾಯಿಸಿ ಕೊಟ್ಟವಳು ಯಾರು? ಆ ಜಾಗ ಎರಡು ವರ್ಷದಿಂದ ಖಾಲಿ. ಇವತ್ತು ಹನ್ನೊಂದಕ್ಕೆ ಅದನ್ನು ಯಾರಿಗೆ ಕೊಡುವುದೆಂದು ಮೇಡಂ ಹೇಳುವವರಿದ್ದರು.

ಅದಕ್ಕೇ ತಾನೇ ಈ ಕಂಪ್ಯೂಟರನ್ನು ಇಷ್ಟು ಮುತುವರ್ಜಿಯಿಂದ ಸಜ್ಜು ಮಾಡುತ್ತಿರುವುದು, ಎಂದುಕೊಂಡಳು. ಮೇಷ್ಟ್ರು ಮೀಟಿಂಗಿನಲ್ಲಿ ಎಲ್ಲರಂತೆ ಮಾತಾಡಲಿ, ತಮ್ಮ ಮಾತು ತಾವೇ ಹೇಳಿಕೊಳ್ಳಲಿ. ಇದಕ್ಕಿಂತ ಇನ್ನೇನು ಮಾಡಲಿ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಳ್ಳುತ್ತ ಪರೀಕ್ಷೆಗೆಂದು ಒಂದು ಕೋಣೆ ತೆರೆದಳು. ತಂತ್ರಾಂಶದೊಳಗಿನ ಕೋಣೆ, ಅದರಲ್ಲಿ ಇಬ್ಬರೇ: ಮಿಷನಕ್ಕ ಮತ್ತು ಮೇಷ್ಟ್ರ ಖಾತೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಆ ಕೋಣೆ ತೆರೆದಿಟ್ಟು, ಸ್ಪೀಕರಿನ ಸದ್ದು ಏರಿಸಿ, ತನ್ನ ಜಾಗಕ್ಕೆ ಬಂದು ಕೂತಳು. ನಡುವೆ ಹಲಗೆಯ ಗೋಡೆ, ಆಚೆ ಸೀನಿದರೆ ಈಚೆ ಕೇಳುತ್ತದೆ. "ಒಂದು ಎರಡು ಮೂರು" ಎಂದು ಬರೆದು ಕಳಿಸಿದಳು. "ಒಂದು ಎರಡು ಮೂರು" ಎಂದಿತು ಗೋಡೆ. "ಸಂಜೆ ಹೋಗುವಾಗ ಛತ್ರಿ ರಿಪೇರಿಗೆ ಕೊಡಬೇಕು." ಛತ್ರಿಯನ್ನು ಬಾಯಿಬಡುಕಿ ಚತ್ತಿರಿ ಮಾಡಿದಳು, ಚಿಂತೆಯಿಲ್ಲ. ಆ ಹೊತ್ತಿಗೆ ಕೆಳಗೆ ಪ್ರೆಸ್ಸಿನವನು ಯಂತ್ರ ಬಿಸಿಯಾಗಲೆಂದು ಓಡಿಸಿದ. ನೆಲ, ಗೋಡೆ, ಮೇಜಿನ ಮೇಲಿನ ಲೋಟ ಎಲ್ಲಾ ನಡುಗತೊಡಗಿದವು, ತನ್ನ ಮಾತು ತನಗೇ ಕೇಳದು. ಅವಳು ಕಾಫಿ ಕುಡಿಯುತ್ತ ಸುಮ್ಮನೆ ಕೂತಳು. ಐದಾರು ನಿಮಿಷಕ್ಕೆ ಯಂತ್ರ ನಿಂತಿತು.

"ಮತ್ತೆ ಒಂದು ಎರಡು ಮೂರು" ಎಂದು ಕಳಿಸಿದಳು. ಗೋಡೆ ಸುಮ್ಮನಿತ್ತು. ಇನ್ನೊಮ್ಮೆ ಕಳಿಸಿದಳು. ಇಲ್ಲ. ಸಾಲಿನ ಪಕ್ಕದಲ್ಲಿ "ಓದಲಾಗಿದೆ" ಎಂಬ ಸಣ್ಣ ಗುರುತು ಬಿತ್ತು. ಅಲ್ಲಿ ಕಿಟಕಿ ತೆರೆದೇ ಇದೆಯಲ್ಲ, ಅದಕ್ಕೇ ಬೀಳುತ್ತದೆ ಬಿಡು ಎಂದುಕೊಂಡಳು. ಇಂಥ ವಿಷಯದಲ್ಲಿ ಅವಳಿಗೆ ಕಾರಣ ಹುಡುಕಲು ತಡವಾಗುವುದಿಲ್ಲ. ಚಿಕ್ಕ ಸಾಲುಗಳನ್ನು ನುಂಗಿ, ಉದ್ದ ಸಾಲು ಬಂದಾಗ ಮಾತ್ರ ಎಚ್ಚರಾಗುವ ಕಾಯಿಲೆ ಇಂಥ ಧ್ವನಿಗಳಿಗೆ ಉಂಟು. ಉದ್ದ ಸಾಲು ಬೇಕು. ಏನು ಬರೆಯುವುದು? ಬೆರಳುಗಳು ಕೇಳಲೇ ಇಲ್ಲ. ಎರಡು ವರ್ಷದಿಂದ ಬಸ್ಸಿನಲ್ಲಿ, ಬಚ್ಚಲಲ್ಲಿ, ಪಾತ್ರೆ ತೊಳೆಯುವಾಗ ಒಳಗೊಳಗೇ ಹೇಳಿಕೊಂಡ ಸಾಲುಗಳಿದ್ದವು, ಬೇರೆ ಯಾವ ಉದ್ದದ ವಾಕ್ಯವೂ ಅವಳಿಗೆ ಅಷ್ಟು ಬಾಯಿಪಾಠವಾಗಿರಲಿಲ್ಲ. ಮೇಷ್ಟ್ರು ಬರುವುದು ಹತ್ತಕ್ಕೆ, ಗಡಿಯಾರಕ್ಕೇ ಬುದ್ಧಿ ಹೇಳುವಷ್ಟು ಸರಿಯಾಗಿ. ಈಗಿನ್ನೂ ಒಂಬತ್ತು. "ಮೇಷ್ಟ್ರೇ, ಏಳನೇ ಕ್ಲಾಸಿನ ಗಣಿತದ ಪುಸ್ತಕದಲ್ಲಿ ತಪ್ಪಿದ್ದು ನೀವಲ್ಲ, ನಾನು." ಕಳಿಸಿದಳು. ಗೋಡೆ ಸುಮ್ಮನಿತ್ತು. ಬರೆದದ್ದು ಪರದೆಯ ಮೇಲೆ ಕಪ್ಪಗೆ, ಅಚ್ಚುಕಟ್ಟಾಗಿ ಕೂತಿತ್ತು. ಇಷ್ಟೇನಾ ಎನಿಸಿತು. ಇಷ್ಟು ಚಿಕ್ಕದಾ ಇದು? ಎದೆಯ ಮೇಲಿನ ಒರಳು ಒಂದಂಗುಲ ಸರಿದ ಹಾಗಾಗಿ, ಧೈರ್ಯ ಬಂದು, ಮುಂದಿನದನ್ನು ಬರೆದಳು. "ನೀವು ಓದಿ ಸಹಿ ಹಾಕಿದ ಮಾರನೇ ದಿನ ನಾನು ಅಪ್ಡೇಟ್ ಹಾಕಿದೆ, ಅದರಲ್ಲಿ ಬಿಂದುಗಳು ಹೋದವು, ನನಗೆ ಗೊತ್ತಾದದ್ದು ವಿಚಾರಣೆಯಾದ ನಾಲ್ಕನೇ ದಿನ, ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ." ಗೋಡೆ ಸುಮ್ಮನಿತ್ತು. ಈಗ ಅವಳಿಗೆ ಪರೀಕ್ಷೆ ಮರೆತೇಹೋಗಿತ್ತು. ಮೂರನೆಯದನ್ನು ಬರೆಯುವಾಗ ಮುಖ ಬಿಸಿಯಾಯಿತು, ಏಕೆಂದರೆ ಇದು ಬಾಯಿಪಾಠ ಮಾಡಿದ್ದಲ್ಲ, ಈಗಷ್ಟೇ ಒಳಗಿನಿಂದ ಎದ್ದು ಬಂದದ್ದು: "ದಿನಾ ಬೆಳಿಗ್ಗೆ ನಿಮ್ಮನ್ನು ನಗುನಗುತ್ತಾ ಮಾತಾಡಿಸುತ್ತೇನೆ, ಆಗ ನನ್ನ ಮುಖ ಹೇಗಿರುತ್ತದೆಂದು ನಿಮಗೆ ಕಾಣುವುದಿಲ್ಲವಲ್ಲ, ಅದು ನನಗೆ ಎಷ್ಟು ಅನುಕೂಲವಾಗಿದೆ ಗೊತ್ತಾ." ಕಳಿಸಿದಳು. ಓದಲಾಗಿದೆ, ಎಂದಿತು ಗುರುತು.

ಸರಿ, ಧ್ವನಿ ಎಲ್ಲೋ ಕಟ್ಟಿಕೊಂಡಿದೆ, ನೋಡೇಬಿಡೋಣ ಎಂದು ಎದ್ದಳು. ಕಣ್ಣೊರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಕೋಲು ಮೂಲೆಯಲ್ಲಿತ್ತು, ಕೋಟು ಮೊಳೆಯಲ್ಲಿತ್ತು. ಕಿವಿಯ ಮೇಲೆ ಹೆಡ್‌ಫೋನ್ ಇತ್ತು, ಅದರ ತಂತಿ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರು ತಾನೇ ಸುಮ್ಮನಾಗುತ್ತದೆ. ಇದನ್ನು ಅವಳು ಈ ಆಫೀಸಿನ ಒಬ್ಬೊಬ್ಬರಿಗೂ ಹತ್ತು ಹತ್ತು ಸಲ ಹೇಳಿಕೊಟ್ಟವಳು. ಪ್ರೆಸ್ಸಿನ ಯಂತ್ರ ಅಬ್ಬರಿಸುತ್ತಿದ್ದಾಗ ಅವರು ಮೆಟ್ಟಿಲು ಹತ್ತಿ ಬಂದಿದ್ದರು, ಗದ್ದಲಕ್ಕೆ ಹೆಡ್‌ಫೋನ್ ಹಾಕಿಕೊಂಡಿದ್ದರು. ಮುಖ ಅವಳ ಕಡೆಗಿರಲಿಲ್ಲ. ಎರಡೂ ಅಂಗೈಗಳು ಮೇಜಿನ ಮೇಲೆ, ಓದದೆ, ಅಲ್ಲಾಡದೆ, ಮಲಗಿದ್ದವು.

ಆಗ ಅವಳು ಮಾಡಿದ್ದು ಏನೆಂದರೆ, ಶಿವಶಿವಾ, ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ತುದಿಗಾಲಲ್ಲಿ ತನ್ನ ಕೋಣೆಗೆ ಓಡಿದಳು. ಕಣ್ಣಿಲ್ಲದವರ ಮುಂದೆ ತುದಿಗಾಲು! ಕಂಪ್ಯೂಟರಿನ ಮುಂದೆ ಬಿದ್ದು, ಮೂರು ಸಾಲುಗಳನ್ನೂ ಒಂದೊಂದಾಗಿ ಹಿಡಿದು, "ಎಲ್ಲರಿಂದ ಅಳಿಸು" ಎಂಬುದನ್ನು ಒತ್ತಿದಳು. ಅವಳಿಗೆ ಆ ಅಧಿಕಾರ ಇತ್ತು, ಈ ತಂತ್ರಾಂಶಕ್ಕೆ ಅವಳೇ ಯಜಮಾನಿ. ಪರದೆ ಸ್ವಚ್ಛವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕವಳಿದ್ದಾಗ ಕಾಪಿ ಬರೆದದ್ದು, ಗೆರೆ ಎಳೆದ ಪುಸ್ತಕ, ನೀಲಿ ಶಾಯಿ, ಕೈಬರಹ ಚೆನ್ನಾಗಿದೆ ಎಂದು ಟೀಚರು ಬೆನ್ನು ತಟ್ಟಿದ್ದು ಯಾವ ಕಾರಣವೂ ಇಲ್ಲದೆ ನೆನಪಾಯಿತು. ಆಚೆ ಕುರ್ಚಿ ಸರಿದ ಸದ್ದು. ಕೋಲಿನ ಟಕ್, ಟಕ್. ಬಾಗಿಲಲ್ಲಿ ಮೇಷ್ಟ್ರು.

"ಇದೀಯೇನಮ್ಮಾ?"

"ಇದೀನಿ ಮೇಷ್ಟ್ರೇ. ಇವತ್ತೇನು ಇಷ್ಟು ಬೇಗ?"

"ಮೀಟಿಂಗಲ್ವಾ, ನಿದ್ದೆ ಬರ್ಲಿಲ್ಲ. ಅಲ್ಲಾ, ನಮ್ಮ ಬಾಯಿಬಡುಕಿ ಏನೋ ಅಂತಾಳಲ್ಲ. 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ. ಮೂರು ಸಲ ಅಂದ್ಲು."

ಅಳಿಸಿದೆ ಎಂಬುದನ್ನೂ ಬಾಯಿಬಡುಕಿ ಓದಿ ಹೇಳುತ್ತಾಳೆಂಬುದು ಮಿಷನಕ್ಕನಿಗೆ ಹೊಳೆದೇ ಇರಲಿಲ್ಲ. ಯಾಕೆ ಹೊಳೆಯಲಿಲ್ಲ, ಬೆಳಿಗ್ಗೆ ಅವಳಿಗೆ ಬಾಗಿಲು ತೆರೆದು ಕೊಟ್ಟವಳು ತಾನೇ ಅಲ್ಲವೇ? "ಅದು, ಟೆಸ್ಟ್ ಮಾಡ್ತಿದ್ದೆ" ಎಂದಳು. ತನ್ನ ದನಿ ತನಗೇ ಬಾಯಿಬಡುಕಿಯ ದನಿಯಂತೆ ಕೇಳಿಸಿತು.

"ಹೂಂ. ಟೆಸ್ಟ್ ಪಾಸು. ಒತ್ತಕ್ಷರದಲ್ಲಿ ಸ್ವಲ್ಪ ತೊದಲ್ತಾಳೆ, ಉಳಿದದ್ದೆಲ್ಲ ಸ್ಪಷ್ಟವಾಗಿದೆ."

"ಕೂತ್ಕೊಳ್ಳಿ ಮೇಷ್ಟ್ರೇ."

"ಬೇಡ, ನಿಂತೇ ಇರ್ತೀನಿ."

"ನಿಮಗೆ... ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಮನುಷ್ಯರ ತಪ್ಪು ಅಲ್ಲೊಂದು ಇಲ್ಲೊಂದು ಇರುತ್ತಮ್ಮಾ. ಬೆಳಿಗ್ಗೆ ಕಡಿಮೆ, ಊಟ ಆದ್ಮೇಲೆ ಜಾಸ್ತಿ. ಇನ್ನೂರ ಹದಿನಾಲ್ಕು ಪುಟದಲ್ಲಿ ಒಂದು ಬಿಂದೂನೂ ಬಿಡದ ಹಾಗೆ, ಅಷ್ಟು ಶಿಸ್ತಾಗಿ ತಪ್ಪು ಮಾಡೋಕೆ ನನ್ನ ಕೈಲಿ ಆಗುತ್ತಾ?"

ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. "ಹಾಗಿದ್ರೆ ಯಾಕೆ ಸುಮ್ಮನಿದ್ರಿ?"

"ನಾನೆಲ್ಲಿ ಸುಮ್ಮನಿದ್ದೆ? ಅವತ್ತೇ ಹೇಳ್ದೆ, ನಾನು ಓದಿದಾಗ ಇತ್ತು ಅಂತ. ನೀನು ಮಿಷನ್ ತಪ್ಪು ಮಾಡಲ್ಲ ಅಂದೆ. ಕಣ್ಣಿರೋರು, ಅದರಲ್ಲೂ ಕೆಲಸ ಗೊತ್ತಿರೋರು. ನಿನ್ನ ಮಾತು ತೂಕ ಬಿತ್ತು." ಕೋಲಿನ ಹಿಡಿಯನ್ನು ಹೆಬ್ಬೆರಳಿಂದ ಉಜ್ಜಿದರು. "ನಿನಗೂ ಅವತ್ತು ಗೊತ್ತಿರಲಿಲ್ಲ ಅಂತ ಇವತ್ತು ತಿಳೀತು. ಅದೊಂದು ಒಳ್ಳೇದಾಯ್ತು. ನಾನು ಎರಡು ವರ್ಷ ಬೇರೆ ಥರ ಅಂದ್ಕೊಂಡಿದ್ದೆ."

"ಮೇಷ್ಟ್ರೇ, ನಾನು..."

"ಪರವಾಗಿಲ್ಲ ಬಿಡಮ್ಮಾ ಅಂತ ಅನ್ಲಿ ಅಂತ ಕಾಯ್ತಿದೀಯೇನೋ. ನಾನು ಅನ್ನಲ್ಲ. ಆ ಹುಡುಗಿ ಕಾಗದ ದಿನಾ ಒಂದ್ಸಲ ಮುಟ್ತೀನಿ. ಅವಳಿಗೆ ನೀನು ದಡ್ಡಿ ಅಲ್ಲಮ್ಮಾ ಅಂತ ಬರೆದೆ, ಆದ್ರೆ ತಪ್ಪು ನಂದು ಅಂತಾನೂ ಬರೀಬೇಕಾಯ್ತು. ಬರೆದೆ. ಸುಳ್ಳು ಬರೆದೆ." ಕೋಲು ಟಕ್ಕೆಂದಿತು. "ಇವತ್ತು ಮೀಟಿಂಗಲ್ಲಿ ನಾನು ಏನೂ ಕೇಳಲ್ಲ. ಕೇಳಿ ಪಡೆಯೋ ಅಂಥದ್ದಲ್ಲ ಅದು. ನಿನ್ನ ಬಾಯಿ, ನಿನ್ನ ಇಷ್ಟ."

ಕೋಲಿನ ಸದ್ದು ಗೋಡೆಯಾಚೆ ಹೋಗಿ ಕೂತಿತು. ಹನ್ನೊಂದಾಗಲು ಇನ್ನೂ ಎರಡು ಗಂಟೆ ಇತ್ತು, ಅಷ್ಟು ಹೊತ್ತೂ ಅವಳು ಕೆಲಸ ಮಾಡಿದಳು. ಬಂದವರಿಗೆಲ್ಲ ಹೇಗೆ ಒಳಗೆ ಹೋಗಬೇಕು, ಮಾತಾಡಬೇಕಾದರೆ ಕೈ ಎತ್ತುವ ಗುಂಡಿ ಎಲ್ಲಿದೆ ಎಂದು ತೋರಿಸಿದಳು, ಪ್ರೆಸ್ಸಿನವನ ಮೈಕಿನ ಧೂಳು ಊದಿದಳು. ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ ಹತ್ತು ಚೌಕಗಳು, ನಡುವಿನದರಲ್ಲಿ ಮೇಡಂ. ಎಲ್ಲರ ಮಾತೂ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. "ಭೇಷ್ ಮಿಷನಕ್ಕ, ಓಡುತ್ತೆ ಅಂದಿದ್ರಿ, ಓಡಿಸಿಬಿಟ್ರಿ" ಎಂದು ಮೇಡಂ ಎಲ್ಲರ ಮುಂದೆ ಹೊಗಳಿದರು. ನಾಲ್ಕು ದಿನದಿಂದ ಈ ಮಾತಿಗಾಗಿಯೇ ಕಾದಿದ್ದಳು. ಬಂದದ್ದು ಕೈಗೆ ಸಿಗಲಿಲ್ಲ. ಮೇಷ್ಟ್ರ ಚೌಕದಲ್ಲಿ ಅರ್ಧ ತಲೆ ಮಾತ್ರ ಕಾಣುತ್ತಿತ್ತು, ಕ್ಯಾಮೆರಾ ಓರೆಯಾಗಿತ್ತು, ಅದನ್ನು ಸರಿ ಮಾಡುವುದನ್ನು ಮರೆತಿದ್ದಳು.

ಮೂರನೆಯ ವಿಷಯಕ್ಕೆ ಮೇಡಂ ಗಂಟಲು ಸರಿಮಾಡಿಕೊಂಡರು. "ಮುಖ್ಯ ಕರಡು ತಿದ್ದುವವರ ಜಾಗ. ಅನುಭವ ಅಂತ ನೋಡಿದ್ರೆ ಮೇಷ್ಟ್ರಿಗೇ ಬರಬೇಕು, ನನಗೂ ಗೊತ್ತು. ಆದ್ರೆ ಆ ಗಣಿತದ ಪುಸ್ತಕ ಇನ್ನೂ ಫೈಲಿನಲ್ಲಿದೆ. ಹಾಗಾಗಿ ಹೊರಗಿನವರನ್ನ ತಗೊಳ್ಳೋಣ ಅಂತ. ಮೇಷ್ಟ್ರೇ, ನೀವೇನಾದ್ರೂ ಹೇಳ್ತೀರಾ?"

"ಇಲ್ಲ ಮೇಡಂ" ಎಂದರು ಮೇಷ್ಟ್ರು.

"ಸರಿ. ಯಾರದೂ ಬೇರೆ ಮಾತಿಲ್ಲ ಅಂದ್ರೆ ಮುಂದೆ ಹೋಗೋಣ."

ಮುಂದೆ ಹೋಗಿಬಿಡುತ್ತಾರೆ, ಈಗ ಹೋಗಿಬಿಡುತ್ತಾರೆ ಎಂದು ಅವಳಿಗೆ ಅನಿಸುತ್ತಿದ್ದಾಗಲೇ ಬಾಯಿಬಡುಕಿಯ ದನಿ ಕೇಳಿತು, ಮೇಷ್ಟ್ರ ಹೆಡ್‌ಫೋನಿನಿಂದ ಸೋರಿ ಅವರ ಮೈಕಿನೊಳಗೆ ಬಿದ್ದು, ಎಲ್ಲ ಚೌಕಗಳಲ್ಲೂ ಸಣ್ಣಗೆ, ಮೂಗು ಕಟ್ಟಿಕೊಂಡು: "ಮಿಷನಕ್ಕ ಕೈ ಎತ್ತಿದ್ದಾರೆ." ಆಗಲೇ ಅವಳು ತನ್ನ ಬೆರಳನ್ನು ನೋಡಿಕೊಂಡದ್ದು. ಬೆರಳು ಗುಂಡಿಯ ಮೇಲಿತ್ತು.

"ಹೇಳಿ ಮಿಷನಕ್ಕ" ಎಂದರು ಮೇಡಂ.

ಮೈಕು ತೆರೆದಳು. "ಮೇಡಂ, ಮಿಷನ್ ಹೇಳಿಕೊಟ್ಟಿದ್ದನ್ನೇ ಮಾಡುತ್ತೆ ಅಂತ ಅವತ್ತು ನಾನು ಹೇಳಿದ್ದೆ. ಆ ಪುಸ್ತಕಕ್ಕೆ ತಪ್ಪು ಹೇಳಿಕೊಟ್ಟವಳು ನಾನು. ಮೇಷ್ಟ್ರು ಓದಿದಾಗ ಬಿಂದು ಇತ್ತು. ಮಾರನೇ ದಿನ ನಾನು ಹಾಕಿದ ಅಪ್ಡೇಟಿನಲ್ಲಿ ಹೋಯ್ತು."

ಮೇಡಂ ಕನ್ನಡಕ ತೆಗೆದರು. "ಇದು ನಿಮಗೆ ಯಾವಾಗ ಗೊತ್ತಾಯ್ತು?"

ಇವತ್ತು ಅನ್ನಬಹುದಿತ್ತು. ಇವತ್ತು ಬೆಳಿಗ್ಗೆ ಎಲ್ಲಾ ತಡಕಾಡುವಾಗ ಸಿಕ್ಕಿತು ಅಂದರೆ ಯಾರು ನಂಬುವುದಿಲ್ಲ? ಅವಳ ಬಾಯಿ ಮುಂದೆ ಹೋಗಲು ಸಿದ್ಧವಾಗಿಯೇ ಇತ್ತು. ಆಗ ಗೋಡೆಯಾಚೆ ಟಪ್ ಎಂದು ಒಂದು ಸಣ್ಣ ಸದ್ದಾಯಿತು. ಹೆಡ್‌ಫೋನಿನ ತಂತಿ ಕಿತ್ತ ಸದ್ದು ಅವಳಿಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಮೇಷ್ಟ್ರ ಸ್ಪೀಕರು ತೆರೆದುಕೊಂಡಿತು, ಬೆಳಿಗ್ಗೆ ಅವಳೇ ಏರಿಸಿಟ್ಟ ಸದ್ದಿನಲ್ಲಿ.

"ಎರಡು ವರ್ಷದ ಹಿಂದೆ" ಎಂದಳು. "ವಿಚಾರಣೆಯಾದ ನಾಲ್ಕನೇ ದಿನ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ."

ಅರೆಗಳಿಗೆ ತಡವಾಗಿ ಗೋಡೆ ಅದನ್ನೇ ಹೇಳಿತು, ಅವಳದೇ ದನಿಯಲ್ಲಿ, ಅವಳಿಗಿಂತ ಗಟ್ಟಿಯಾಗಿ. ಎರಡು ವರ್ಷದ ಹಿಂದೆ. ನಾಲ್ಕನೇ ದಿನ. ಹಜಾರದಲ್ಲಿ ಹೋಗುತ್ತಿದ್ದ ಯಾರದೋ ಹೆಜ್ಜೆ ನಿಂತಿತು. ಹೀಗೆ ದನಿ ಮರುಕಳಿಸಿದರೆ ಮೀಟಿಂಗಿನ ನಡುವೆಯೇ "ಯಾರ್ರೀ ಅದು, ಹೆಡ್‌ಫೋನ್ ಹಾಕ್ಕೊಳ್ಳಿ" ಎಂದು ಗದರಬೇಕಾದವಳು ಅವಳೇ, ಅದು ಅವಳ ಕೆಲಸ. ಅವಳು ಗದರಲಿಲ್ಲ. ಗೋಡೆ ಮುಗಿಸುವವರೆಗೆ ಕಾದಳು, ಆಮೇಲೆ ಮುಂದಿನದನ್ನು ಹೇಳಿದಳು.

"ಆ ಹುಡುಗಿಗೆ ಕಾಗದ ನಾನು ಬರೀತೀನಿ ಮೇಡಂ. ಮೇಷ್ಟ್ರು ಚುಕ್ಕೆ ನೋಡಿ ತಿದ್ದಿ ಕೊಡಲಿ."

ತಿದ್ದಿ ಕೊಡಲಿ, ಎಂದಿತು ಗೋಡೆ.